ಝೋನ್ ಎದುರು ಮಕ್ಕಳ ತಂಡ: ಯಾವ ದಾಳಿ ಯಾರಿಗೆ?

ಶಾಲಾ ಮಟ್ಟದ ಬ್ಯಾಸ್ಕೆಟ್‌ಬಾಲ್‌ನಲ್ಲಿ ಝೋನ್ ಡಿಫೆನ್ಸ್, ಅಂದರೆ ಆಟಗಾರರನ್ನಲ್ಲದೆ ಜಾಗಗಳನ್ನು ಹಂಚಿಕೊಂಡು ಕಾಯುವ ರಕ್ಷಣೆ, ಹಾಕುವುದು ಸುಲಭ, ಅದನ್ನು ಒಡೆಯುವುದು ಕಷ್ಟ. ಮುಂದೆ ಇಬ್ಬರು, ಹಿಂದೆ ಮೂವರು ಕೈ ಚಾಚಿ ನಿಂತರೆ ಅರ್ಧ ಕೆಲಸ ಮುಗಿಯಿತು. ಎದುರಿನ ಮಕ್ಕಳು ಮೂರು ಅಂಕಗಳ ಗೆರೆಯ ಹೊರಗೆ ಚೆಂಡನ್ನು ಬಡಿಯುತ್ತಾ ಎಡಕ್ಕೆ ಬಲಕ್ಕೆ ಓಡಾಡಿ, ಕೊನೆಗೆ ತಾಳ್ಮೆ ಕಳೆದುಕೊಂಡು ದೂರದಿಂದ ಎಸೆಯುತ್ತಾರೆ. ಹದಿಮೂರು ವರ್ಷದ ಎಷ್ಟು ಮಕ್ಕಳಿಗೆ 6.75 ಮೀಟರ್‌ನಿಂದ ಶೂಟ್ ಮಾಡುವ ತೋಳ್ಬಲ ಇರುತ್ತದೆ? ಝೋನ್ ಹಾಕಿದ ತರಬೇತುದಾರರು ನೆಚ್ಚಿಕೊಂಡಿರುವುದೇ ಇದನ್ನು.

ಇದಕ್ಕೆ ಉತ್ತರ ಹುಡುಕುವವರಿಗೆ ಆಯ್ಕೆಗಳ ಕೊರತೆ ಇಲ್ಲ. ಮೊಬೈಲ್ ತೆರೆದರೆ ಬಾಣದ ಗುರುತುಗಳು ತುಂಬಿದ ನೂರಾರು ಚಿತ್ರಗಳು ಸಿಗುತ್ತವೆ. ತೊಂದರೆ ಏನೆಂದರೆ, ಅವುಗಳಲ್ಲಿ ಬಹುಪಾಲು ದೊಡ್ಡವರ ಆಟಕ್ಕೆ ಬರೆದವು. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ವಿಡಿಯೊಗಳಂತೂ ಈ ವಿಷಯದಲ್ಲಿ ದಾರಿ ತಪ್ಪಿಸುತ್ತವೆ. ಅಲ್ಲಿ 2001-02ರ ಋತುವಿನವರೆಗೆ ಝೋನ್‌ಗೆ ಅನುಮತಿಯೇ ಇರಲಿಲ್ಲ. ಅನುಮತಿ ಕೊಟ್ಟಾಗಲೂ, ಯಾರನ್ನೂ ಕಾಯದೆ ಪೇಂಟ್ (ರಿಂಗ್‌ನ ಮುಂದಿನ ಆಯತ) ಒಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು ಎಂಬ ನಿಯಮವನ್ನು ರಕ್ಷಣೆಗೂ ಅಂಟಿಸಿದರು. ನಾವು ಆಡುವ ಫಿಬಾ (ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟ) ನಿಯಮಗಳಲ್ಲಿ ಆ ತಡೆ ಇಲ್ಲ. ಮೂರು ಸೆಕೆಂಡಿನ ಲೆಕ್ಕ ದಾಳಿ ಮಾಡುವವರಿಗೆ ಮಾತ್ರ. ಎದುರಾಳಿಯ ಎತ್ತರದ ಹುಡುಗ ಪಂದ್ಯದ ನಲವತ್ತು ನಿಮಿಷವೂ ರಿಂಗ್‌ನ ಕೆಳಗೆ ಬೀಡು ಬಿಡಬಹುದು. ಆದ್ದರಿಂದ ಟಿವಿಯಲ್ಲಿ ಕಂಡಂತೆ ಒಂಟಿಯಾಗಿ ನುಗ್ಗಿ ರಿಂಗ್‌ನ ಬುಡದಿಂದಲೇ ಲೇ-ಅಪ್ ಹಾಕುವ ಕನಸನ್ನು ಮೊದಲು ಬದಿಗಿಡಬೇಕು.

ಮಕ್ಕಳ ಮಟ್ಟದಲ್ಲಿ ನಿಜಕ್ಕೂ ಬಳಕೆಗೆ ಬರುವ ಐದು ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ಎಲ್ಲವೂ ಒಳ್ಳೆಯವೇ ಎಂದು ಹೇಳಿ ಜಾರಿಕೊಳ್ಳುವ ಉದ್ದೇಶವಿಲ್ಲ. ನನಗೆ ಸ್ಪಷ್ಟವಾದ ಒಲವಿದೆ, ಅದಕ್ಕೆ ಕಾರಣವೂ ಇದೆ.

ಮೊದಲು ಪಾಸಿನ ದೂರ ಅಳೆಯಿರಿ

ಯಾವ ದಾಳಿ ಎಂದು ತೀರ್ಮಾನಿಸಲು ಹೆಚ್ಚಿನವರು ಆಟಗಾರರ ಎತ್ತರ ನೋಡುತ್ತಾರೆ, ಇಲ್ಲವೇ ಶೂಟರ್ ಯಾರಿದ್ದಾರೆ ಎಂದು ಎಣಿಸುತ್ತಾರೆ. ನಾನು ನೋಡುವುದು ಪಾಸಿನ ದೂರವನ್ನು. ಝೋನ್ ಸರಿದಾಡುವುದು ಚೆಂಡು ಗಾಳಿಯಲ್ಲಿರುವಾಗ. ಪಾಸ್ ಬಿಗಿಯಾಗಿ, ನೇರವಾಗಿ ಹೋದರೆ ರಕ್ಷಣೆ ಅರ್ಧ ಹೆಜ್ಜೆ ಹಿಂದೆ ಬೀಳುತ್ತದೆ. ಪಾಸ್ ಕಮಾನು ಹಾಕಿ ತೇಲಿದರೆ ಐವರೂ ಆರಾಮವಾಗಿ ಹೊಸ ಜಾಗಕ್ಕೆ ಬಂದು ನಿಲ್ಲುತ್ತಾರೆ, ಅದೃಷ್ಟವಿದ್ದರೆ ಚೆಂಡನ್ನೇ ಕಿತ್ತುಕೊಂಡು ಓಡುತ್ತಾರೆ.

ಅಳೆಯುವುದು ಹೀಗೆ. ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಎದೆಮಟ್ಟದ ಪಾಸ್ ಕೊಡಲು ಹೇಳಿ. ಪ್ರತಿ ಐದು ಪಾಸಿಗೆ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿಸಿ. ಚೆಂಡು ಕೊಡುವವಳ ತಲೆಗಿಂತ ಮೇಲೆ ಏಳತೊಡಗಿದ ಕ್ಷಣ ನಿಲ್ಲಿಸಿ ಮೀಟರ್ ಟೇಪ್ ಹಿಡಿಯಿರಿ. ಹನ್ನೆರಡು ಹದಿಮೂರರ ಮಕ್ಕಳಲ್ಲಿ ಇದು ಸಾಮಾನ್ಯವಾಗಿ ನಾಲ್ಕೈದು ಮೀಟರ್‌ಗೆ ಬಂದು ನಿಲ್ಲುತ್ತದೆ. ಕೈಯಲ್ಲಿರುವ ಚೆಂಡು ಸರಿಯಾದ ಅಳತೆಯದೇ ಎಂದೂ ನೋಡಿಕೊಳ್ಳಿ. ಐದನೇ ಅಳತೆಯ ಚೆಂಡು ಹಿಡಿಯಬೇಕಾದ ಮಗುವಿನ ಕೈಗೆ ಏಳನೇ ಅಳತೆಯದನ್ನು ಕೊಟ್ಟು ಪಾಸ್ ಸರಿಯಿಲ್ಲ ಎಂದು ಬೈಯುವುದು ಅನ್ಯಾಯ.

ಈಗ ಅಂಕಣದ ಲೆಕ್ಕ ನೋಡಿ. ಫ್ರೀ ಥ್ರೋ ಗೆರೆಯ ನೇರಕ್ಕೆ, ಮೂರು ಅಂಕಗಳ ಕಮಾನಿನ ಮೇಲೆ ಎರಡೂ ಬದಿಯ ವಿಂಗ್ ಆಟಗಾರರು ನಿಂತರೆ ಅವರ ನಡುವಿನ ಅಂತರ ಸುಮಾರು ಹತ್ತೂವರೆ ಮೀಟರ್. ಒಂದು ವಿಂಗ್‌ನಿಂದ ಎದುರು ಬದಿಯ ಮೂಲೆಗೆ ಹನ್ನೆರಡು ಮೀಟರ್‌ಗೂ ಹೆಚ್ಚು. ಆದರೆ ವಿಂಗ್‌ನಿಂದ ಫ್ರೀ ಥ್ರೋ ಗೆರೆಯ ನಡುವಿಗೆ ಐದು ಮೀಟರ್ ಚಿಲ್ಲರೆ. ವಿಂಗ್ ಒಂದು ಹೆಜ್ಜೆ ಒಳಗೆ ಬಂದರೆ ಅದು ನಾಲ್ಕೂವರೆಗೆ ಇಳಿಯುತ್ತದೆ. ಮೂಲೆಯಿಂದ ಅದೇ ಬದಿಯ ವಿಂಗ್‌ಗೂ ಹೆಚ್ಚುಕಡಿಮೆ ಅಷ್ಟೇ. ಈ ನಾಲ್ಕು ಅಂಕಿಗಳನ್ನು ಎದುರಿಗಿಟ್ಟುಕೊಂಡರೆ ಅರ್ಧದಷ್ಟು ಚಿತ್ರಗಳು ತಾವಾಗಿಯೇ ಪಟ್ಟಿಯಿಂದ ಹೊರಗೆ ಬೀಳುತ್ತವೆ.

ಎದುರಿಗಿರುವ ಝೋನ್ ಯಾವುದು?

ಇನ್ನೊಂದು ಪ್ರಾಥಮಿಕ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. ಝೋನ್‌ನ ಮುಂಭಾಗದಲ್ಲಿ ಎಷ್ಟು ಜನರಿದ್ದಾರೆ ಎಂದು ನೋಡಿ. ಇಬ್ಬರಿದ್ದರೆ (2-3 ಅಥವಾ 2-1-2; ಅಂಕಿಗಳು ಮುಂದಿನಿಂದ ಹಿಂದಕ್ಕೆ ಪ್ರತಿ ಸಾಲಿನಲ್ಲಿರುವವರ ಸಂಖ್ಯೆ) ನಿಮ್ಮ ಕಡೆ ಮೇಲ್ಭಾಗದಲ್ಲಿ, ಅಂದರೆ ರಿಂಗ್‌ನಿಂದ ದೂರದ ತುದಿಯಲ್ಲಿ, ಒಬ್ಬರೇ ಇರಲಿ. ಆ ಒಬ್ಬ ಇಬ್ಬರ ನಡುವಿನ ಸಂದಿನ ಎದುರು ನಿಂತರೆ ಯಾರು ಮುಂದೆ ಬರಬೇಕು ಎಂಬ ಗೊಂದಲ ಅವರಿಗೇ. ಮುಂಭಾಗದಲ್ಲಿ ಒಬ್ಬ ಅಥವಾ ಮೂವರಿದ್ದರೆ (1-3-1, 1-2-2, 3-2) ನಿಮ್ಮ ಕಡೆ ಮೇಲೆ ಇಬ್ಬರನ್ನು ನಿಲ್ಲಿಸಿ. ಅಂದರೆ ಅವರದು ಸಮಸಂಖ್ಯೆಯಾದರೆ ನಿಮ್ಮದು ಬೆಸ, ಅವರದು ಬೆಸವಾದರೆ ನಿಮ್ಮದು ಸಮ. ಹತ್ತು ವರ್ಷದ ಮಗುವೂ ನೆನಪಿಟ್ಟುಕೊಳ್ಳಬಲ್ಲ ಸೂತ್ರವಿದು.

ಶಾಲಾ ಪಂದ್ಯಗಳಲ್ಲಿ ಎದುರಾಗುವುದು ಬಹುಪಾಲು 2-3. ಹಾಗಾಗಿ ಮುಂದಿನ ಹೋಲಿಕೆಯನ್ನು ಅದನ್ನೇ ಎದುರಿಗಿಟ್ಟುಕೊಂಡು ಮಾಡಿದ್ದೇನೆ. ಅದರ ಬಡಕಲು ಜಾಗಗಳು ಮೂರು: ಫ್ರೀ ಥ್ರೋ ಗೆರೆಯ ನಡುಭಾಗ, ಎರಡು ವಿಂಗ್‌ಗಳು, ಎಂಡ್ ಲೈನ್ (ರಿಂಗ್‌ನ ಹಿಂದಿನ ಗೆರೆ) ಹತ್ತಿರದ ಮೂಲೆಗಳು.

ದಾರಿ ಒಂದು: ಕಟ್ಟುವ ಮೊದಲೇ ಓಡುವುದು

ಐವರೂ ತಮ್ಮ ತಮ್ಮ ಜಾಗ ಹಿಡಿದ ಮೇಲೆ ತಾನೆ ಝೋನ್ ಆಗುವುದು? ಅವರು ಹಿಂತಿರುಗುವ ಮೊದಲೇ ನೀವು ಅಲ್ಲಿದ್ದರೆ ಒಡೆಯುವ ಪ್ರಶ್ನೆಯೇ ಬರುವುದಿಲ್ಲ. ರಿಬೌಂಡ್ (ಗುರಿ ತಪ್ಪಿ ಮರಳಿದ ಚೆಂಡು) ಹಿಡಿದವರು ಪಕ್ಕದ ಗೆರೆಯ ಕಡೆಗೆ ತಿರುಗಿ ಮೊದಲ ಪಾಸ್ ಕೊಡಬೇಕು, ಇಬ್ಬರು ಅಂಚುಗಳಲ್ಲಿ ಅಗಲವಾಗಿ ಓಡಬೇಕು, ಒಬ್ಬರು ನೇರವಾಗಿ ರಿಂಗ್ ಕಡೆಗೆ. ಅಂಕ ಬಿಟ್ಟುಕೊಟ್ಟ ಮೇಲೂ ಎಂಡ್ ಲೈನ್‌ನಿಂದ ಚೆಂಡನ್ನು ಬೇಗ ಒಳಗೆ ಹಾಕಿ ಓಡುವ ಅಭ್ಯಾಸ ಮಾಡಿಸಬಹುದು. ಎದುರಾಳಿಗಳು ಇನ್ನೂ ಸಂಭ್ರಮದಲ್ಲಿರುತ್ತಾರೆ.

12 ವರ್ಷದೊಳಗಿನವರಿಗೆ ನಾನು ಇದೊಂದನ್ನೇ ಕಲಿಸುತ್ತೇನೆ. ಆ ವಯಸ್ಸಿನವರ ಎದುರು ಝೋನ್ ಹಾಕುವುದೇ ಸರಿಯಲ್ಲ ಎಂಬುದು ನನ್ನ ನಿಲುವು. 2016ರಲ್ಲಿ ಎನ್‌ಬಿಎ ಮತ್ತು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಸೇರಿ ಹೊರಡಿಸಿದ ಮಾರ್ಗಸೂಚಿಯೂ ಚಿಕ್ಕ ಮಕ್ಕಳಿಗೆ ಝೋನ್ ಬೇಡ, ಒಬ್ಬರಿಗೊಬ್ಬರು ಕಾಯಲಿ ಎಂದೇ ಹೇಳುತ್ತದೆ. ಝೋನ್‌ನಲ್ಲಿ ನಿಂತ ಮಗು ಕಾಲು ಸರಿಸುವುದನ್ನು ಕಲಿಯುವುದಿಲ್ಲ, ಎದುರಿಗಿರುವ ಮಗು ಡ್ರಿಬಲ್‌ನಲ್ಲಿ ದಾಟುವುದನ್ನು ಕಲಿಯುವುದಿಲ್ಲ. ಟೂರ್ನಿಯ ಕಪ್ ಮಾತ್ರ ಯಾರದೋ ಕಚೇರಿಯ ಕಪಾಟು ಸೇರುತ್ತದೆ. ಪಂದ್ಯಾವಳಿಗೆ ಮೊದಲೇ ಆಯೋಜಕರ ಜೊತೆ ಈ ಬಗ್ಗೆ ಮಾತನಾಡಿ ನೋಡಿ. ಒಪ್ಪದಿದ್ದರೆ ಓಡುವುದು ಇದ್ದೇ ಇದೆ.

ಮಿತಿಯೂ ಇದೆ. ಓಡಬೇಕಾದರೆ ಮೊದಲು ರಿಬೌಂಡ್ ಸಿಗಬೇಕು. ಎದುರಾಳಿಗಳು ಶೂಟ್ ಮಾಡಿದ ಕೂಡಲೇ ಇಬ್ಬರನ್ನು ಹಿಂದಕ್ಕೆ ಕಳುಹಿಸಿದರೆ ದಾರಿ ಮುಚ್ಚುತ್ತದೆ. ಹದಿನಾಲ್ಕು ದಾಟಿದ ತಂಡ ಇದನ್ನೊಂದನ್ನೇ ನಂಬಿ ಕೂರುವಂತಿಲ್ಲ.

ದಾರಿ ಎರಡು: ನಡುವಿಗೆ ಚೆಂಡು ಹಾಕುವ 1-3-1

ನನ್ನ ಒಲವು ಇದರ ಕಡೆಗೆ. ಮೇಲೆ ಚೆಂಡು ತಂದು ಆಟ ನಡೆಸುವ ಒಬ್ಬ ಪಾಯಿಂಟ್ ಗಾರ್ಡ್, ಎರಡು ಕಡೆ ವಿಂಗ್‌ಗಳು, ಫ್ರೀ ಥ್ರೋ ಗೆರೆಯ ನಡುವೆ ಹೈ ಪೋಸ್ಟ್, ಎಂಡ್ ಲೈನ್ ಗುಂಟ ಚೆಂಡಿದ್ದ ಕಡೆಗೆ ಓಡಾಡುವ ಒಬ್ಬ. ಈ ವಿನ್ಯಾಸದಲ್ಲಿ ನಡುವಿಗೆ ಬರುವ ಯಾವ ಪಾಸೂ ಐದು ಮೀಟರ್ ದಾಟಬೇಕಿಲ್ಲ, ಪಾಯಿಂಟ್‌ನಿಂದ ಹೈ ಪೋಸ್ಟ್‌ಗೆ ಮೂರೇ ಮೀಟರ್. ಪಾಯಿಂಟ್‌ನಿಂದ ವಿಂಗ್‌ಗೆ ಮಾತ್ರ ಸ್ವಲ್ಪ ಉದ್ದ, ಆದರೆ ಅದು ಹೊರಗಿನ ಪಾಸ್. ವಿಂಗ್ ಚೆಂಡಿನ ಕಡೆಗೆ ಒಂದು ಹೆಜ್ಜೆ ಇಟ್ಟು ಹಿಡಿದರೆ ಸರಿಹೋಗುತ್ತದೆ. ಮಕ್ಕಳ ತೋಳಿಗೆ ಎಟುಕುವ ದಾಳಿ ಇದು.

ಇದರಲ್ಲಿ ವಿಂಗ್ ನಿಲ್ಲುವ ಜಾಗ ಬಹಳ ಮುಖ್ಯ. ಮಕ್ಕಳು ಸಹಜವಾಗಿ ರಕ್ಷಕನ ಎದುರಿಗೇ ಹೋಗಿ ನಿಲ್ಲುತ್ತಾರೆ, ಒಬ್ಬರಿಗೊಬ್ಬರು ಕಾಯುವ ಆಟದ ರೂಢಿ ಅದು. ಝೋನ್ ಎದುರು ನಿಲ್ಲಬೇಕಾದದ್ದು ಇಬ್ಬರ ನಡುವೆ: ಮುಂದಿನ ಗಾರ್ಡ್‌ಗೆ ತುಸು ದೂರ, ಹಿಂದಿನ ಸಾಲಿನವನಿಗೂ ತುಸು ದೂರ. ಚೆಂಡು ಅಲ್ಲಿಗೆ ಬಂದಾಗ ಇಬ್ಬರೂ "ಅವನದು" ಎಂದು ಬಿಡುತ್ತಾರೆ, ಇಲ್ಲವೇ ಇಬ್ಬರೂ ಬರುತ್ತಾರೆ. ಎರಡೂ ನಿಮಗೆ ಲಾಭ. ಅಂಕಣದಲ್ಲಿ ಸೀಮೆಸುಣ್ಣದಿಂದ ಅಡ್ಡಗುರುತು ಹಾಕಿ ತೋರಿಸಿ. ಬಾಯಿಮಾತಿನಲ್ಲಿ ಹೇಳಿದರೆ ನಾಳೆ ಮತ್ತೆ ರಕ್ಷಕನ ಪಕ್ಕದಲ್ಲಿರುತ್ತಾರೆ.

ಹೈ ಪೋಸ್ಟ್‌ಗೆ ಚೆಂಡು ಬಂದ ಗಳಿಗೆಯೇ ಇಡೀ ದಾಳಿಯ ತಿರುವು. ಇಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿ. ಹುಡುಗಿ ಚೆಂಡು ಹಿಡಿಯುತ್ತಾಳೆ, ಬೆನ್ನು ರಿಂಗ್ ಕಡೆಗಿದೆ. ಹಿಡಿದ ಕೂಡಲೇ ಅವಳು ಮಾಡುವ ಮೊದಲ ಕೆಲಸ ಚೆಂಡನ್ನು ನೆಲಕ್ಕೆ ಒಮ್ಮೆ ಬಡಿಯುವುದು. ಯಾಕೆಂದು ಕೇಳಿದರೆ ಅವಳಿಗೂ ಗೊತ್ತಿಲ್ಲ, ಅದೊಂದು ಚಟ. ಮುಂದಿನ ಇಬ್ಬರು ಗಾರ್ಡ್‌ಗಳು ಕಾದಿರುವುದು ಅದಕ್ಕೇ. ಹಿಂದಿನಿಂದ ಕೈ ಹಾಕಿ ಚೆಂಡನ್ನು ತಟ್ಟಿಬಿಡುತ್ತಾರೆ. ಈ ಒಂದು ಬಡಿತವನ್ನು ಬಿಡಿಸುವುದಕ್ಕೆ ಒಂದು ವಾರದ ಅಭ್ಯಾಸ ಹೋದರೂ ಚಿಂತೆಯಿಲ್ಲ. ಹಿಡಿಯಬೇಕು, ಗದ್ದದ ಕೆಳಗೆ ಮೊಣಕೈ ಅಗಲಿಸಿ ಚೆಂಡನ್ನು ಕಾಯಬೇಕು, ಒಂದು ಕಾಲಿನ ಮೇಲೆ ತಿರುಗಿ ರಿಂಗ್ ನೋಡಬೇಕು. ಆಮೇಲಷ್ಟೇ ಯೋಚನೆ.

ತಿರುಗಿದ ಮೇಲೆ ಉತ್ತರವನ್ನು ಎದುರಾಳಿಯೇ ಹೇಳಿಕೊಡುತ್ತಾನೆ. ಹಿಂದಿನ ಸಾಲಿನ ನಡುವಿನವನು ಮುಂದೆ ಬಂದರೆ ಅವನ ಬೆನ್ನ ಹಿಂದೆ ಎಂಡ್ ಲೈನ್‌ನ ಹುಡುಗ ಒಂಟಿಯಾಗಿದ್ದಾನೆ, ಬೌನ್ಸ್ ಪಾಸ್ ಕೊಡಬೇಕು. ಬಾರದಿದ್ದರೆ ರಿಂಗ್‌ನ ಹಲಗೆಗೆ 4.6 ಮೀಟರ್ ದೂರದ ತಡೆಯಿಲ್ಲದ ಶಾಟ್ ಇದೆ, ಪ್ರತಿದಿನ ಫ್ರೀ ಥ್ರೋ ಅಭ್ಯಾಸ ಮಾಡುವ ಅದೇ ದೂರ. ಪಕ್ಕದವರು ಒಳಗೆ ಕುಗ್ಗಿದರೆ ಎದುರು ಬದಿಯ ವಿಂಗ್ ಖಾಲಿ. ಮೂರು ನೋಟ, ಮೂರು ಉತ್ತರ. ಇದಕ್ಕಿಂತ ಹೆಚ್ಚಿನದನ್ನು ಆ ವಯಸ್ಸಿನ ತಲೆಗೆ ತುಂಬಬಾರದು.

ಹೈ ಪೋಸ್ಟ್‌ನಲ್ಲಿ ತಂಡದ ಅತಿ ಎತ್ತರದವರೇ ನಿಲ್ಲಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಅದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಬೇಕಾದದ್ದು ಗಡಿಬಿಡಿ ಮಾಡದ, ಕಣ್ಣು ಚುರುಕಾದ ಆಟಗಾರ್ತಿ. ಹಲವು ತಂಡಗಳಲ್ಲಿ ಅದು ಎರಡನೇ ಗಾರ್ಡ್ ಆಗಿರುತ್ತಾಳೆ. ಎತ್ತರದವರು ಎಂಡ್ ಲೈನ್‌ನಲ್ಲಿ ಓಡಾಡಲಿ, ರಿಂಗ್‌ಗೆ ಅವರೇ ಹತ್ತಿರ.

ಕೊರತೆ ಎಂದರೆ, ಮೇಲಿರುವ ಪಾಯಿಂಟ್ ಗಾರ್ಡ್ ಪಾಸ್ ತಪ್ಪಿದರೆ ಹಿಂದೆ ಕಾಯುವವರು ಯಾರೂ ಇಲ್ಲ, ನೇರ ಲೇ-ಅಪ್ ಬಿಟ್ಟುಕೊಟ್ಟಂತೆ. ಎಂಡ್ ಲೈನ್‌ನ ಆಟಗಾರ ಬೇಗ ದಣಿಯುತ್ತಾನೆ. ಅವನು ಪೇಂಟ್ ದಾಟುವಾಗ ನಿಂತುಬಿಟ್ಟರೆ ಮೂರು ಸೆಕೆಂಡಿನ ಸೀಟಿ ಖಚಿತ.

ದಾರಿ ಮೂರು: ಸಂದಿಗೆ ಡ್ರಿಬಲ್

ನಿಮ್ಮ ತಂಡ ಗಿಡ್ಡ, ಚುರುಕು, ಶೂಟರ್‌ಗಳಿಲ್ಲ, ಆದರೆ ಇಬ್ಬರು ಮೂವರಿಗೆ ಚೆಂಡಿನ ಮೇಲೆ ಹಿಡಿತವಿದೆ ಎಂದಾದರೆ ಈ ದಾರಿಯನ್ನು ಗಂಭೀರವಾಗಿ ಪರಿಗಣಿಸಿ. ಝೋನ್ ಎದುರು ಡ್ರಿಬಲ್ ಮಾಡಬೇಡಿ ಎಂದು ಹಳೆಯ ತರಬೇತುದಾರರು ಹೇಳುತ್ತಾ ಬಂದಿದ್ದಾರೆ. ಹೊರಗಡೆ ಸುತ್ತುವ ಡ್ರಿಬಲ್‌ಗೆ ಆ ಮಾತು ಸರಿ. ಇಬ್ಬರ ನಡುವಿನ ಸಂದಿಗೆ ನುಗ್ಗುವ ಡ್ರಿಬಲ್‌ನ ಕಥೆ ಬೇರೆ.

ಮುಂದಿನ ಇಬ್ಬರು ಗಾರ್ಡ್‌ಗಳ ನಡುವೆ ಎರಡು ಡ್ರಿಬಲ್ ಹಾಕಿ ನುಗ್ಗಿದರೆ ಇಬ್ಬರೂ ಕೂಡಿಕೊಳ್ಳುತ್ತಾರೆ. ಆಗ ಎರಡೂ ವಿಂಗ್‌ಗಳನ್ನು ಕಾಯಲು ಹಿಂದಿನ ಸಾಲಿನವರು ಹೊರಬರಬೇಕಾಗುತ್ತದೆ, ಮೂಲೆಗಳು ಬಿಡುವಾಗುತ್ತವೆ. ಇಬ್ಬರನ್ನು ಎಳೆದುಕೊಂಡು ಖಾಲಿಯಾದವರಿಗೆ ಕೊಡುವುದು ಇದರ ತಿರುಳು. ಅದಕ್ಕೆ ಬೇಕಾದ ಮುಖ್ಯ ಕೌಶಲ ನಿಲ್ಲುವುದು. ಎರಡೂ ಕಾಲುಗಳ ಮೇಲೆ ಒಟ್ಟಿಗೆ, ಮೂರನೆಯ ರಕ್ಷಕನಿಗಿಂತ ಒಂದು ಹೆಜ್ಜೆ ಮೊದಲೇ ನಿಲ್ಲಬೇಕು. ನಿಲ್ಲಲು ಬಾರದ ಹುಡುಗ ಮೂವರ ನಡುವೆ ಹಾರಿ, ಗಾಳಿಯಲ್ಲಿದ್ದಾಗ ಪಾಸ್ ಯಾರಿಗೆ ಎಂದು ಹುಡುಕುತ್ತಾನೆ. ಆ ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಮೂರನೆಯವನು ಜಾಗದಲ್ಲೇ ನಿಂತಿದ್ದರೆ ಡಿಕ್ಕಿಗೆ ಫೌಲ್ ಕೂಡ ನಿಮ್ಮದೇ.

ತೆರೆದ ಸಿಮೆಂಟ್ ಅಂಕಣದಲ್ಲಿ ಇದನ್ನು ನೆಚ್ಚಿಕೊಳ್ಳುವ ಮೊದಲು ನೆಲ ನೋಡಿ. ಧೂಳು ಕೂತ ನೆಲದಲ್ಲಿ ಗಕ್ಕನೆ ನಿಂತರೆ ಶೂ ಜಾರುತ್ತದೆ. ಬೆಳಗಿನ ಪಂದ್ಯಕ್ಕೆ ಮೊದಲು ಒಮ್ಮೆ ಗುಡಿಸಿಸುವುದು ತಂತ್ರದಷ್ಟೇ ಉಪಯೋಗಿ.

1-3-1ಕ್ಕೆ ಹೋಲಿಸಿದರೆ ಈ ದಾರಿಯಲ್ಲಿ ಕಲಿಕೆ ಹೆಚ್ಚು, ತಪ್ಪುಗಳೂ ಹೆಚ್ಚು. ಈ ವರ್ಷದ ಟೂರ್ನಿಗಿಂತ ಎರಡು ವರ್ಷದ ಮೇಲಿನ ತಂಡ ನಿಮ್ಮ ಕಣ್ಣ ಮುಂದಿದ್ದರೆ ಇದನ್ನೇ ಆರಿಸಿ. ಇಲ್ಲಿ ಕಲಿತ ನಿಲುಗಡೆ, ಇಬ್ಬರನ್ನು ಸೆಳೆಯುವ ಜಾಣ್ಮೆ ಮುಂದೆ ಯಾವ ರಕ್ಷಣೆಯ ಎದುರಿಗೂ ಬಳಕೆಗೆ ಬರುತ್ತದೆ. ಪೋಷಕರು ಅಂಕಪಟ್ಟಿ ನೋಡಿ ಮುಖ ಸಿಂಡರಿಸಬಹುದು, ಅದಕ್ಕೂ ಸಿದ್ಧವಾಗಿರಿ.

ದಾರಿ ನಾಲ್ಕು: ಒಂದೇ ಬದಿಗೆ ಓವರ್‌ಲೋಡ್

ಒಂದು ಬದಿಯಲ್ಲಿ ನಾಲ್ವರು: ಮೂಲೆಯಲ್ಲಿ ಒಬ್ಬ, ವಿಂಗ್‌ನಲ್ಲಿ ಒಬ್ಬ, ರಿಂಗ್‌ನ ಪಕ್ಕ ಲೋ ಪೋಸ್ಟ್‌ನಲ್ಲಿ ಒಬ್ಬ, ಫ್ರೀ ಥ್ರೋ ಗೆರೆಯ ತುದಿಯಲ್ಲಿ ಒಬ್ಬ. ಐದನೆಯವನು ಮೇಲೆ. ಆ ಬದಿಯನ್ನು ಕಾಯುವ ಮೂವರು ನಾಲ್ವರನ್ನು ನೋಡಿಕೊಳ್ಳಬೇಕು. ಹಿಂದಿನ ಸಾಲಿನ ಅಂಚಿನವನಿಗೆ ಪೇಚಾಟ. ಮೂಲೆಗೆ ಹೋದರೆ ಲೋ ಪೋಸ್ಟ್ ಬಿಡುವಾಗುತ್ತದೆ, ಒಳಗೇ ಉಳಿದರೆ ಮೂಲೆ ಬಿಡುವಾಗುತ್ತದೆ. ಪಾಸುಗಳೂ ಚಿಕ್ಕವು.

ಕಾಗದದ ಮೇಲೆ ಇದರಷ್ಟು ಅಂದವಾದ ದಾಳಿ ಇನ್ನೊಂದಿಲ್ಲ. ಆದರೆ ಮೂಲೆಯಲ್ಲಿರುವವರು ಶೂಟ್ ಮಾಡಬಲ್ಲವರಾದರೆ ಮಾತ್ರ ಇದು ನಡೆಯುತ್ತದೆ. ಶೂಟ್ ಮಾಡಲಾರರು ಎಂದು ಗೊತ್ತಾದ ಮರುಕ್ಷಣ ರಕ್ಷಕ ಮೂಲೆಗೆ ಹೋಗುವುದನ್ನೇ ಬಿಡುತ್ತಾನೆ, ಆಗ ನಾಲ್ವರು ಕಿಕ್ಕಿರಿದು ನಿಂತದ್ದಷ್ಟೇ ಉಳಿಯುತ್ತದೆ. ಜೊತೆಗೆ ಮೂಲೆ ಅಪಾಯದ ಜಾಗ. ಪಕ್ಕದ ಗೆರೆ, ಎಂಡ್ ಲೈನ್ ಎರಡೂ ಎದುರಾಳಿಯ ಪರ ಆಡುತ್ತವೆ. ಇಬ್ಬರು ಬಂದು ಮುತ್ತಿದರೆ ಹೊರಬರಲು ದಾರಿಯಿಲ್ಲ.

ಮೂಲೆ ತೆರೆದಂತೆ ಕಾಣುವುದೂ ಎಷ್ಟೋ ಸಲ ಭ್ರಮೆ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ 2-3 ಝೋನ್ ಎಂದರೆ ಸಿರಕ್ಯೂಸ್ ವಿಶ್ವವಿದ್ಯಾಲಯ, 2023ರವರೆಗೆ ಅದರ ತರಬೇತುದಾರರಾಗಿದ್ದ ಜಿಮ್ ಬೋಹೈಮ್. ಅವರ ತಂಡ 2003ರ ರಾಷ್ಟ್ರೀಯ ಫೈನಲ್‌ನಲ್ಲಿ ಕ್ಯಾನ್ಸಸ್ ತಂಡವನ್ನು 81-78ರಿಂದ ಸೋಲಿಸಿತು. ಕೊನೆಯ ಕ್ಷಣಗಳಲ್ಲಿ ಸಮ ಮಾಡುವ ಅವಕಾಶ ಕ್ಯಾನ್ಸಸ್‌ನ ಮೈಕಲ್ ಲೀಗೆ ಸಿಕ್ಕಿದ್ದು ಮೂಲೆಯಲ್ಲೇ. ಒಂಟಿಯಾಗಿದ್ದಂತೆ ಕಂಡ ಲೀ ಚೆಂಡು ಬಿಡುವಷ್ಟರಲ್ಲಿ ಒಳಗಿನಿಂದ ಹಾರಿ ಬಂದ ಹಕೀಮ್ ವಾರಿಕ್ ಅದನ್ನು ತಡೆದುಬಿಟ್ಟರು. ಉದ್ದ ತೋಳಿನವರು ಹಿಂದಿನ ಸಾಲಿನಲ್ಲಿದ್ದರೆ ಮೂಲೆಯ ಲೆಕ್ಕ ಹೀಗೆ ಬದಲಾಗುತ್ತದೆ. ಹದಿಮೂರರ ಹುಡುಗ ಚೆಂಡನ್ನು ಸೊಂಟದಿಂದ ಎತ್ತಿ ಶೂಟ್ ಮಾಡುವುದಕ್ಕೆ ತೆಗೆದುಕೊಳ್ಳುವ ಸಮಯವನ್ನೂ ಇದಕ್ಕೆ ಸೇರಿಸಿ.

ರಿಬೌಂಡ್ ವಿಷಯದಲ್ಲೂ ಓವರ್‌ಲೋಡ್ ಹಿಂದೆ. ಮೂಲೆಯಿಂದ ತಪ್ಪಿದ ಶಾಟ್ ಹೆಚ್ಚಾಗಿ ಎದುರು ಬದಿಗೆ ಬೀಳುತ್ತದೆ, ಅಲ್ಲಿ ನಿಮ್ಮವರು ಯಾರೂ ಇರುವುದಿಲ್ಲ. ಹಾಗಾಗಿ ತಂಡದಲ್ಲಿ ನಿಜವಾದ ಒಬ್ಬ ಮೂಲೆ ಶೂಟರ್ ಇದ್ದರೆ, ವಯಸ್ಸು ಹದಿನೈದು ದಾಟಿದ್ದರೆ ಮಾತ್ರ ಇದನ್ನು ಆರಿಸಿ.

ದಾರಿ ಐದು: ಸ್ಕಿಪ್ ಪಾಸ್ ಮತ್ತು ಸ್ಕ್ರೀನ್

ಒಂದು ಬದಿಯಿಂದ ಇನ್ನೊಂದು ಬದಿಗೆ ತಲೆಯ ಮೇಲಿಂದ ಹಾರಿಸುವ ಉದ್ದದ ಪಾಸ್, ಅದೇ ಹೊತ್ತಿಗೆ ಝೋನ್‌ನ ಅಂಚಿನವನಿಗೆ ಅಡ್ಡ ನಿಂತು ಸ್ಕ್ರೀನ್. ದೊಡ್ಡವರ ಆಟದಲ್ಲಿ ಝೋನ್‌ಗೆ ಇದಕ್ಕಿಂತ ಬಲವಾದ ಏಟಿಲ್ಲ. ಮಕ್ಕಳಲ್ಲಿ ಇದರ ಗತಿಯನ್ನು ಮೇಲಿನ ಮೀಟರ್ ಲೆಕ್ಕವೇ ಹೇಳುತ್ತದೆ. ಹತ್ತು ಹನ್ನೆರಡು ಮೀಟರ್‌ನ ಪಾಸ್ ಗಾಳಿಯಲ್ಲಿ ತೇಲುತ್ತದೆ, ಹೊರಾಂಗಣದಲ್ಲಿ ಗಾಳಿ ಬೀಸಿದರೆ ಇನ್ನೂ ಕಷ್ಟ. ಹದಿನಾರು ದಾಟಿದವರಿಗೆ ಕಲಿಸಿ, ಅದಕ್ಕೆ ಮೊದಲು ಬೇಡ.

ಬೆಸ ಮುಂಭಾಗದ ಝೋನ್ ಎದುರಾದರೆ

3-2 ಝೋನ್ ಎಂಡ್ ಲೈನ್ ಕಡೆ ತೆಳು. ಮೇಲೆ ಇಬ್ಬರು, ನಡುವೆ ಒಬ್ಬ, ಮೂಲೆಗಳ ಹತ್ತಿರ ಇಬ್ಬರನ್ನು ನಿಲ್ಲಿಸಿ, ನಡುವಿನಿಂದ ಕೆಳಕ್ಕೆ ಪಾಸ್ ಕೊಡಿಸಿ. ಹೈ ಪೋಸ್ಟ್ ಬಗ್ಗೆ ಹೇಳಿದ್ದೆಲ್ಲ ಇಲ್ಲಿಗೂ ಸಲ್ಲುತ್ತದೆ.

1-3-1 ಝೋನ್ ಬೇರೆಯದೇ ತಂಟೆ. ಅದು ಕಾಯುವುದಕ್ಕಿಂತ ಮುತ್ತುವುದಕ್ಕೆ ಇರುವುದು. ಅರ್ಧ ಅಂಕಣ ದಾಟಿದ ಕೂಡಲೇ ಪಕ್ಕದ ಗೆರೆಗೆ ಒತ್ತಿ ಇಬ್ಬರು ಮೇಲೆರಗುತ್ತಾರೆ, ಮರಳಿ ಹಿಂದಕ್ಕೆ ಹೋಗುವಂತಿಲ್ಲ. ಇದರ ಎದುರು ಚೆಂಡನ್ನು ಅಂಕಣದ ನಡುವಿನಿಂದಲೇ ತರಬೇಕು, ಅಂಚಿಗೆ ಹೋಗಲೇಬಾರದು. ಮೇಲಿನ ಇಬ್ಬರು ಗಾರ್ಡ್‌ಗಳು ನಾಲ್ಕೈದು ಮೀಟರ್ ಅಂತರದಲ್ಲೇ ಇದ್ದು ಒಬ್ಬರಿಗೊಬ್ಬರು ಪಾಸ್ ಕೊಡುತ್ತಾ ಮುಂದೆ ಬರಲಿ. ಎಂಟು ಸೆಕೆಂಡ್‌ನಲ್ಲಿ ಅರ್ಧ ಗೆರೆ ದಾಟಬೇಕೆಂಬ ಅವಸರದಲ್ಲಿ ಮಕ್ಕಳು ಅಂಚಿಗೆ ಓಡುತ್ತಾರೆ. ಆ ಅವಸರವನ್ನು ಅಭ್ಯಾಸದಲ್ಲೇ ಬಿಡಿಸಿ. ಹಿಂದೆ ಎಂಡ್ ಲೈನ್ ಕಾಯುವುದು ಒಬ್ಬನೇ, ಎರಡೂ ಮೂಲೆಗೆ ಅವನೇ ಓಡಬೇಕು. ಮೊದಲ ಮುತ್ತಿಗೆ ತಪ್ಪಿಸಿಕೊಂಡರೆ ಆಮೇಲೆ ಸುಲಭ.

ನಾಲ್ವರು ಚೌಕಾಕಾರ ನಿಂತು, ಐದನೆಯವನು ನಿಮ್ಮ ತಾರಾ ಆಟಗಾರನಿಗೆ ಅಂಟಿಕೊಳ್ಳುವ ಬಾಕ್ಸ್ ಆಂಡ್ ಒನ್ ಕಂಡರೆ ಹೆದರಬೇಡಿ. ಆ ತಾರೆಯನ್ನು ಮೂಲೆಗೆ ಕಳುಹಿಸಿ ನಿಲ್ಲಿಸಿ. ಉಳಿದದ್ದು ನಾಲ್ವರ ವಿರುದ್ಧ ನಾಲ್ವರ ಆಟ, ಫ್ರೀ ಥ್ರೋ ಗೆರೆಯ ನಡುಭಾಗ ಪೂರ್ತಿ ಖಾಲಿ. ತಾರೆಯ ಅಪ್ಪ ಅಮ್ಮನಿಗೆ ಇದು ಹಿಡಿಸುವುದಿಲ್ಲ ಎಂಬುದು ಬೇರೆ ಮಾತು.

ಯಾವುದನ್ನು ಆರಿಸಿದರೂ ಬೇಕಾದ ಅಭ್ಯಾಸ

ಐವರು ಐವರ ವಿರುದ್ಧ ಆಡಿಸುವ ಮೊದಲು ಮೂವರು ಇಬ್ಬರ ವಿರುದ್ಧ ಆಡಿಸಿ. ಪಾಯಿಂಟ್, ಒಂದು ವಿಂಗ್, ಹೈ ಪೋಸ್ಟ್ ಒಂದು ಕಡೆ, ಝೋನ್‌ನ ಮುಂದಿನ ಇಬ್ಬರು ಗಾರ್ಡ್‌ಗಳು ಇನ್ನೊಂದು ಕಡೆ. ಡ್ರಿಬಲ್ ಇಲ್ಲ. ಅಂಕ ಸಿಗುವುದು ಚೆಂಡು ರಿಂಗ್‌ಗೆ ಬಿದ್ದಾಗ ಅಲ್ಲ, ಹೈ ಪೋಸ್ಟ್‌ನ ಕೈ ಸೇರಿದಾಗ. ಈ ಒಂದು ನಿಯಮ ಬದಲಾಯಿಸಿದರೆ ಮಕ್ಕಳ ಕಣ್ಣು ರಿಂಗ್ ಬಿಟ್ಟು ಸಂದುಗಳನ್ನು ಹುಡುಕತೊಡಗುತ್ತದೆ. ರಕ್ಷಣೆಗೆ ನಿಂತವರು ಸೋಮಾರಿಗಳಾಗದಂತೆ, ಅವರು ಚೆಂಡು ಮುಟ್ಟಿದರೆ ಎರಡು ಅಂಕ ಕೊಡಿ.

ಪಾಸ್ ಫೇಕ್ ಅನ್ನು ಇಲ್ಲೇ ಸೇರಿಸಿ: ಮೇಲೆ ತೋರಿಸಿ ಕೆಳಗೆ ಕೊಡು, ಕೆಳಗೆ ತೋರಿಸಿ ಮೇಲೆ ಕೊಡು. ಝೋನ್‌ನಲ್ಲಿರುವವರ ಕಣ್ಣು ಚೆಂಡಿನ ಮೇಲೇ ಇರುವುದರಿಂದ ಅವರು ಇದಕ್ಕೆ ಬಲುಬೇಗ ಮೋಸ ಹೋಗುತ್ತಾರೆ. ಒಬ್ಬರಿಗೊಬ್ಬರು ಕಾಯುವವರ ಮೇಲೆ ಇದು ಇಷ್ಟು ಪರಿಣಾಮ ಬೀರುವುದಿಲ್ಲ.

ರಿಬೌಂಡ್ ಇನ್ನೊಂದು ಅಡಗಿದ ಲಾಭ. ಝೋನ್‌ನಲ್ಲಿ ಯಾರು ಯಾರನ್ನು ತಡೆದು ನಿಲ್ಲಿಸಬೇಕು ಎಂಬುದು ಗೊತ್ತುಮಾಡಿಟ್ಟಿರುವುದಿಲ್ಲ. ಶಾಟ್ ಹೋದ ಕೂಡಲೇ ಇಬ್ಬರು ರಕ್ಷಕರ ನಡುವೆ ನುಸುಳಿ ಮೂವರು ಒಳಗೆ ಹೋಗಲಿ, ಇಬ್ಬರು ಹಿಂದೆ ಉಳಿಯಲಿ. ಶಾಟ್ ಕ್ಲಾಕ್ (ಶೂಟ್ ಮಾಡಲು ಸಮಯದ ಮಿತಿ ಹಾಕುವ ಗಡಿಯಾರ) ಇರುವ ಪಂದ್ಯದಲ್ಲಿ ಚೆಂಡು ರಿಂಗ್‌ಗೆ ತಾಗಿ ಮತ್ತೆ ನಿಮಗೇ ಸಿಕ್ಕರೆ 14 ಸೆಕೆಂಡ್ ಹೊಸದಾಗಿ ಸಿಗುತ್ತದೆ. ಮಕ್ಕಳ ಆಟದಲ್ಲಿ ಅದು ಧಾರಾಳ ಸಮಯ. ಝೋನ್ ಎದುರಿನ ಎಷ್ಟೋ ಅಂಕಗಳು ಎರಡನೇ ಯತ್ನದಲ್ಲೇ ಬರುತ್ತವೆ.

ಶಾಟ್ ಕ್ಲಾಕ್ ಇಲ್ಲದ ಅಂಕಣದಲ್ಲಿ, ನೀವು ಮುಂದಿದ್ದರೆ ಇನ್ನೊಂದು ಉಪಾಯವಿದೆ: ಚೆಂಡನ್ನು ಹೊರಗೇ ಹಿಡಿದು ನಿಂತುಬಿಡುವುದು. ಎದುರಾಳಿ ಝೋನ್ ಬಿಟ್ಟು ಹೊರಬರಲೇಬೇಕಾಗುತ್ತದೆ. ನಿಯಮಕ್ಕೆ ವಿರೋಧವಲ್ಲ. ಫೈನಲ್‌ನ ಕೊನೆಯ ನಿಮಿಷಕ್ಕೆ ಸರಿ, ಮಕ್ಕಳಿಗೆ ಆಟ ಕಲಿಸುವ ವಿಧಾನವಾಗಿ ಮಾತ್ರ ನೀರಸ.

ಪಂದ್ಯದ ದಿನ

ಹೆಚ್ಚಿನ ಶಾಲಾ ತಂಡಗಳಿಗೆ, ಅಂದರೆ ಹನ್ನೆರಡರಿಂದ ಹದಿನೈದರ ಒಳಗಿನ, ಒಂದಿಬ್ಬರು ಮಾತ್ರ ನುರಿತವರಿರುವ ತಂಡಗಳಿಗೆ 1-3-1 ಅನ್ನೇ ಬುನಾದಿಯಾಗಿಟ್ಟುಕೊಂಡು ಅದರೊಳಗೆ ಸಂದಿಗೆ ನುಗ್ಗುವ ಡ್ರಿಬಲ್ ಸೇರಿಸಿ. ಎರಡನ್ನೂ ಬೆರೆಸಲು ಅಡ್ಡಿಯಿಲ್ಲ, ಪಾಯಿಂಟ್ ಗಾರ್ಡ್ ನುಗ್ಗಿದಾಗ ಹೈ ಪೋಸ್ಟ್ ಪಕ್ಕಕ್ಕೆ ಸರಿದರೆ ಸಾಕು. ಐದೂ ದಾರಿಗಳನ್ನು ಕಲಿಸಲು ಹೋದ ತಂಡ ಪಂದ್ಯದ ನಡುವೆ ಬೆಂಚಿನ ಕಡೆ ನೋಡುತ್ತಾ ನಿಲ್ಲುತ್ತದೆ.

ಬೆಂಚಿನಲ್ಲಿ ಕೂತ ಬದಲಿ ಆಟಗಾರ್ತಿಯೊಬ್ಬಳಿಗೆ ಪುಸ್ತಕ ಪೆನ್ನು ಕೊಟ್ಟು, ಚೆಂಡು ಫ್ರೀ ಥ್ರೋ ಗೆರೆಯ ನಡುವಿಗೆ ಹೋದಾಗಲೆಲ್ಲ ಒಂದು ಗೀಟು ಹಾಕಲು ಹೇಳಿ. ಮೊದಲ ಕ್ವಾರ್ಟರ್ ಮುಗಿಯುವ ಹೊತ್ತಿಗೆ ಪುಟ ಖಾಲಿಯಿದ್ದರೆ ಹೊಸ ತಂತ್ರ ಹುಡುಕಬೇಡಿ. ಮೊದಲಾರ್ಧಕ್ಕೆ ಸಿಗುವುದು ಎರಡೇ ಟೈಮ್-ಔಟ್, ಒಂದೊಂದೂ ಒಂದೇ ನಿಮಿಷ. ಅಷ್ಟರಲ್ಲಿ ಹೊಸ ಚಿತ್ರ ಬಿಡಿಸಿ ತೋರಿಸಿದರೆ ಮಕ್ಕಳು ತಲೆಯಾಡಿಸುತ್ತಾರೆ, ಒಳಗೆ ಹೋಗಿ ಮರೆಯುತ್ತಾರೆ. ವಿಂಗ್‌ಗಳನ್ನು ಒಂದು ಹೆಜ್ಜೆ ಒಳಗೆ ಕರೆಯಿರಿ. ಅದಕ್ಕೂ ಪಾಸ್ ಹೋಗದಿದ್ದರೆ ಹೈ ಪೋಸ್ಟ್‌ನಲ್ಲಿ ನಿಂತವಳನ್ನು ಬದಲಾಯಿಸಿ, ಗೀಟು ಹಾಕುತ್ತಾ ಕೂತು ಅಷ್ಟು ಹೊತ್ತು ಆ ಜಾಗವನ್ನೇ ದಿಟ್ಟಿಸಿ ನೋಡಿದ ಹುಡುಗಿಯನ್ನೇ ಒಳಗೆ ಕಳುಹಿಸಬಹುದು.